ಎಡಗೈಯವರ ಬಿಲ್ಲು

ಅಳತೆಗಿಳತೆ ಏನೂ ಬೇಡ ಯಜಮಾನ್ರೇ, ಆ ಬಿಲ್ಲೇ ಕೊಟ್ಬಿಡಿ! ಅಗೋ, ಮೂಲೇಲಿ ನೇತು ಹಾಕಿದೀರಲ್ಲ, ಎರಡೂ ತುದೀಲಿ ಗಾಲಿ ಇರೋದು, ಬೂದು ಬಣ್ಣದ್ದು... ಅದೇ.

ಹೂಂ, ಹೊಸಬನೇ. ಇವತ್ತೇ ಶುರು. ಯಾಕೆ ನಗ್ತೀರಾ? ನಲವತ್ತೈದಕ್ಕೆ ಬಿಲ್ಲು ಹಿಡೀಬಾರ್ದು ಅಂತ ಎಲ್ಲಾದ್ರೂ ಬರೆದಿದ್ಯಾ?

ಆಯ್ತಪ್ಪ, ಅಳೀರಿ. ಇಗೋ, ಕೈ ಚಾಚ್ದೆ. ಏನು, ನನಗೆ ಇಪ್ಪತ್ತೊಂಬತ್ತು ಇಂಚು ಎಳೆಯೋ ಬಿಲ್ಲಾ? ಬೇಡ ಬೇಡ, ಇಪ್ಪತ್ತಾರೇ ಇರ್ಲಿ. ಮೊಣಕೈ ಮಡಚ್ಕೊಂಡು ಹೊಡೀತೀನಿ, ನಿಮಗೇನು ಕಷ್ಟ! ಎಳೆತದ ಭಾರ ಮೂವತ್ತೆಂಟು ಪೌಂಡು, ಅದೂ ಹಾಗೇ ಇರ್ಲಿ. ಮತ್ತೆ... ಎಡಗೈಯವರದ್ದು.

ಅಯ್ಯೋ, ಈಗ ನಿಮ್ಮ ಪುಸ್ತಕದಲ್ಲಿ ಬಲಗೈಲಿ ಸಹಿ ಹಾಕ್ದೆ, ನಿಜ. ಬರೆಯೋ ಕೈ ಬೇರೆ, ಹೊಡೆಯೋ ಕೈ ಬೇರೆ... ಅಲ್ವಾ? ಹಾಗೆ ದುರುಗುಟ್ಕೊಂಡು ನೋಡ್ಬೇಡಿ.

ಏನಂದ್ರಿ? ಇದೇ ಅಳತೇದು ನೀವೇ ಮಾರಿದ್ರಾ? ಕುಳ್ಳಗಿನ ಹೆಂಗಸು, ಎಡಚಿ... ಹೌದು. ನನ್ನ ಹೆಂಡತೀನೇ. ಎರಡು ವರ್ಷದಿಂದ ಇವತ್ತಿನ ತಂಡದ ಆಯ್ಕೆ ಸ್ಪರ್ಧೆಗೇ ಕಾಯ್ತಿದಾಳೆ. "ಮನೇಲಿ ಏನು ಬೇಕಾದ್ರೂ ಮುಟ್ರಿ, ನನ್ನ ಬಿಲ್ಲು ಮಾತ್ರ ಮುಟ್ಬೇಡ್ರಿ" ಅಂತಿದ್ಲು. ನಾನು ಭಾವಮೈದನ ಮುಂದೆ ಶೋಕಿ ಮಾಡಕ್ಕೆ ಹೋದೆ! ಬಾಣ ಇಡ್ದೇ ಎಳೆದೆ, ಬಿಟ್ಟೆ. ಫಟ್ ಅಂತು ನೋಡಿ... ಕೂದಲೆಳೆಯಷ್ಟು ಬಿರುಕು, ಅಷ್ಟೇ! ಒರೆಸಿ ಪೆಟ್ಟಿಗೇಲಿಟ್ಟೆ.

ಗೋಡೆ ಕಡೆ ಯಾಕೆ ಕೈ ತೋರಿಸ್ತೀರಾ? ಓ, ಆ ಬೋರ್ಡು ಓದ್ಬೇಕಾ? "ಬಾಣವಿಲ್ಲದೆ ಹೆದೆ ಬಿಡಬೇಡಿ. ಬಿರುಕು ಬಿಟ್ಟ ಬಿಲ್ಲು ಎಳೆದರೆ ಮುಖಕ್ಕೇ ಸಿಡಿಯುತ್ತದೆ."

ಮುಖಕ್ಕಾ? ಸುಮ್ನೆ ಹೆದರಿಸಕ್ಕೆ ಬರೆದಿರೋದು ತಾನೇ? ಕಣ್ಣಿಗೇನೂ ಆಗಲ್ಲ ಅಲ್ವಾ? ಹೇಳಿ ಯಜಮಾನ್ರೇ, ನಿಮ್ಮ ದಮ್ಮಯ್ಯ...

ಬಿಲ್ಲು ಮನೇಲೇ ಇದೆ, ಬೀರು ಮೇಲೆ. ಆಯ್ಕೆ ನಾಲ್ಕಕ್ಕೆ. ಅಷ್ಟರಲ್ಲಿ ಬದಲಾಯಿಸ್ಬಿಡ್ತೀನಿ, ಅವಳಿಗೆ ಗೊತ್ತೇ ಆಗಲ್ಲ. ಬೇಗ ಕಟ್ಟಿಕೊಡಿ!



ಗಡಿಯಾರ ಯಾಕೆ ನೋಡ್ತೀರಾ? ನಾಲ್ಕಾಗಕ್ಕೆ ಇನ್ನೂ ಐದು ನಿಮಿಷ ಇದೆಯಲ್ಲ... ಫೋನ್ ಯಾಕೆ ನನ್ನ ಕಡೆ ತಳ್ತಿದೀರಾ? ಬಿಲ್ಲು ಮನೇಲಿದೆ ಅಂದ್ನಲ್ಲ!



ಮಾಡ್ತೀನಿ, ಕೊಡಿ. ಎತ್ತು ಮಾರಾಯ್ತಿ, ಎತ್ತು... ಮೈದಾನಕ್ಕಿಳಿದ್ರೆ ಅವಳು ಫೋನ್ ಎತ್ತಲ್ಲ.

ಬಿಲ್ಲು ಮನೇಲಿಲ್ಲ ಯಜಮಾನ್ರೇ. ಮಧ್ಯಾಹ್ನ ಆ ಪೆಟ್ಟಿಗೆ ಅವಳ ಸ್ಕೂಟರಿಗೆ ಕಟ್ಟಿಕೊಟ್ಟಿದ್ದು ನಾನೇ.