ಚೌಕದ ಸಿಮೆಂಟಿನ ಕೆಳಗೆ

ನಮ್ಮ ದೊಡ್ಡಮ್ಮನ ಮಗ ಎವೆಲಿಯೊಗೆ ಆದದ್ದಿದು. ನಗಬೇಡಿ...

ಸಾವಿನ ಮನೆಯ ಜಾಗರಣೆಯಿಂದ ನಡುರಾತ್ರೀಲಿ ಎದ್ದು, ಅವನೂ ಹೆಂಡತಿ ನೊರ್ಬೆಲ್ಯಾನೂ ಪೇಟೆಯ ಚೌಕ ದಾಟ್ತಿದ್ರು. ಈಗ ಸಿಗ್ನಲ್ ದೀಪ ಇದೆಯಲ್ಲ, ಅಲ್ಲಿ ಮೊದಲು ಬಾವಿ ಇತ್ತು. ಹೇಸರಗತ್ತೆ ಮೇಲೆ ಸರಕು ಸಾಗಿಸೋರು ನೀರಿಗೆ ಅಂತ ನಿಲ್ತಿದ್ರು. ಅವರನ್ನ ನಂಬಿ ನಾಲ್ಕು ಅಂಗಡಿ ಬಂದವು. ಅಂಗಡಿಗಳ ನಡುವೆ ನಾಲ್ಕು ಬೀದಿ ಆದವು. ಎಕ್ವಡೋರಿನ ಈ ಕರಾವಳಿ ರಸ್ತೆಗೆ ಸಿಮೆಂಟ್ ಬಂದಾಗ, ಗುತ್ತಿಗೆದಾರ ಒಂದೇ ರಾತ್ರೀಲಿ ಬಾವಿಗೆ ಮರಳು ಸುರಿಸಿ ಮುಚ್ಚಿಸಿದ. ಬಾವಿಗಿಳಿದು ಕೆಸರು ತೆಗೀತಿದ್ದ ಕಾಸಿಲ್ಡೊ ಅವತ್ತಿಂದ ಕಾಣ್ಲಿಲ್ಲ. ಗ್ವಯಾಕಿಲ್ ಪಟ್ಟಣಕ್ಕೆ ಓಡಿಹೋದ, ಬಸುರಿ ಹೆಂಡ್ತೀನ ಬಿಟ್ಟು, ಅಂದ್ರು ಜನ.

ಆ ಬಸುರಿಯ ಮಗಳೇ ನೊರ್ಬೆಲ್ಯಾ.

ಟಣ್... ಟಣ್. ಕಲ್ಲಿಗೆ ಕಬ್ಬಿಣ ಬಡಿದ ಹಾಗೆ. ಸಿಗ್ನಲ್ ದೀಪದ ಹತ್ರ ಬಂದಾಗ, ಕಾಲಡಿಯಿಂದ.

"ಕೇಳಿಸ್ತಾ?"

"ಸುಮ್ನೆ ನಡಿಯೇ..."

ಆಗ ದನಿ ಬಂತು. ಗಂಡಸಿನದು. ಗಂಟಲು ಒಣಗಿದ್ದು.

"ಹಗ್ಗ ಬಿಡ್ರಪ್ಪಾ... ಎಲ್ಲಾ ಹೊರಟೋದ್ರಾ?"

ನೊರ್ಬೆಲ್ಯಾ ರಸ್ತೆ ಮೇಲೆ ಬೋರಲು ಬಿದ್ದು, ಸಿಮೆಂಟಿಗೆ ಬಾಯಿ ಹಚ್ಚಿದಳು. "ಅಪ್ಪಾ, ನಾನು ನಿನ್ನ ಮಗಳು!"

"ನಂಗೆಲ್ಲಿ ಮಗಳವ್ವಾ... ಹೆಂಡ್ತಿಗೆ ಇನ್ನೂ ದಿನ ತುಂಬ್ತಾ ಇದೆ. ಬೇಗ ಎತ್ತಮ್ಮಾ, ಕಾಯ್ತಿರ್ತಾಳೆ ಅವಳು."

ಎವೆಲಿಯೊ ಓಡಿಬಂದು ನಮ್ಮ ಬಾಗಿಲು ಬಡಿದ. ಹಾರೆ ತಗೊಂಡು ಹೋದೆ. ಇಬ್ಬರೂ ಕುಟ್ಟಿದ್ವಿ. ಖಣ್... ಖಣ್... ಬಿಳಿ ಗೀರು ಬಿತ್ತೇ ಹೊರತು ಚೂರೂ ಏಳ್ಲಿಲ್ಲ. ಪೊಲೀಸಿನವನು ಬಂದ. ಬೈಯೋಕೆ ಬಾಯಿ ತೆಗೆದವನು ದನಿ ಕೇಳಿ ಟೋಪಿ ತೆಗೆದು ನಿಂತುಬಿಟ್ಟ.

"ಯಂತ್ರ ತರಿಸಿ!" ಅಂದೆ.

"ಬೆಳಗಾಗ್ಬೇಕು ಮಾರಾಯಾ... ನಾನೇನ್ ಮಾಡ್ಲಿ?"

ಏನೂ ಮಾಡೋ ಹಾಗಿರಲಿಲ್ಲ. ಕೂತ್ವಿ. ಕೆಳಗೆ ಉಸಿರು... ಗೊರ್... ಗೊರ್... ಅಂತಿತ್ತು. "ಇದೀನಪ್ಪಾ, ಇಲ್ಲೇ ಇದೀನಿ" ಅಂತ ನೊರ್ಬೆಲ್ಯಾ ಪಿಸುಗುಡ್ತಾನೇ ಇದ್ದಳು. ಕೋಳಿ ಕೂಗೋ ಹೊತ್ತಿಗೆ "ಕತ್ತಲೆ ಕಣವ್ವಾ" ಅಂತು ದನಿ. ಆಮೇಲೆ ಮಾತಿಲ್ಲ.

ಬೆಳಿಗ್ಗೆ ಯಂತ್ರ ತಂದು ಒಡೆದ್ರು. ಬಾಯಿವರೆಗೂ ಮರಳು. ತಳ ಸಿಗೋವರೆಗೆ ತೋಡಿದ್ರು. ಒಂದು ಎಲುಬೂ ಸಿಗ್ಲಿಲ್ಲ.

ತಳದಲ್ಲಿ ಒಂದು ಹುಲ್ಲಿನ ಹ್ಯಾಟು ಇತ್ತು, ಅಷ್ಟೇ. ಸುತ್ತ ಮರಳು ಹೊಟ್ಟಿನ ಹಾಗೆ ಒಣಗಿತ್ತು. ಹ್ಯಾಟಿನ ಒಳಪಟ್ಟಿ ಬೆವರಿಂದ ಒದ್ದೆ... ಇನ್ನೂ ಬೆಚ್ಚಗಿತ್ತು.

ಈ ಬೆರಳಿಂದಲೇ ಮುಟ್ಟಿ ನೋಡಿದ್ದೀನಿ.