ಮೂಸಿ ನೋಡಿದ ಪ್ಲೇಟು

ಮಂಡಿನೋವೆಂದು ಅಟ್ಟೂರಿನ ಕ್ಲಿನಿಕ್ಕಿಗೆ ಬಂದು ಕೂತಿದ್ದ ಸೊಣ್ಣಮ್ಮನಿಗೆ ಪಕ್ಕದ ಬೆಂಚಿನ ಮಾತು ಕೇಳಿಸಿತು. ಅಲ್ಲಿದ್ದ ಇಬ್ಬರ ಕೊರಳಲ್ಲೂ ಒಂದೇ ಲ್ಯಾಬಿನ ಗುರುತಿನ ಚೀಟಿ. ಗಜಾಲಾ ದುಪಟ್ಟಾ ಹೊದ್ದು ನಡುಗುತ್ತಿದ್ದಳು. ಸುಬ್ರಮಣಿ ದನಿ ತಗ್ಗಿಸಿ ಗದರುತ್ತಿದ್ದ.

"ಕ್ರಿಮಿ ಬೆಳೆಸಿರೋ ಪ್ಲೇಟ್ ತೆಗೆದು ಮೂಸಿದ್ಯಾ?"

"ಅಭ್ಯಾಸ ಕಣೋ. ವಾಸನೇಲೇ ಕ್ರಿಮಿ ಗುರ್ತು ಹಿಡೀಬೇಕು ಅಂತ ಕಾಲೇಜಲ್ಲಿ ಮೇಡಂ ಕಲಿಸಿದ್ರು. ಕೈ ತಾನಾಗೇ ಮೂಗಿನ ಹತ್ರ ಹೋಯ್ತು."

"ಟುಲರೀಮಿಯಾ ಅದು, ಮೊಲದ ಜ್ವರ! ಉಸಿರಲ್ಲಿ ಚೂರು ಹೋದ್ರೂ ಸಾಕು."

"ಮನೇಲಿ ಪಾಪು ಇದೆ ಕಣೋ."

"ಒಬ್ರಿಂದ ಒಬ್ರಿಗೆ ಅಂಟಲ್ಲ."

ಅಷ್ಟರಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದ ಸೊಣ್ಣಮ್ಮ ಸೆರಗು ಬಿಟ್ಟಳು.

"ಇದಕ್ಕೆ ಲಸಿಕೆ ಇದ್ದಿದ್ರೆ..." ಎಂದಳು ಗಜಾಲಾ.

"ನಾವು ಮಾಡ್ತಿರೋದೇ ಅದು ತಾನೆ? ಇನ್ನೂ ಇಲಿಗಳಿಗೆ ಕೊಟ್ಟು ನೋಡೋದ್ರಲ್ಲೇ ಇದೀವಿ. ಡಾಕ್ಟರಿಗೆ ನಿಜ ಹೇಳ್ಬಿಡು. ಇಲ್ಲಾಂದ್ರೆ ಟೈಫಾಯ್ಡ್ ಅಂದ್ಕೊಂಡು ಮಾತ್ರೆ ಬರೀತಾರೆ, ಅದು ಇದಕ್ಕೆ ನಾಟಲ್ಲ. ಸರಿಯಾದ ಔಷಧಿ ಬಿದ್ರೆ ವಾಸಿಯಾಗತ್ತೆ."

"ಹೇಳಿದ್ರೆ ಲ್ಯಾಬಿಗೆ ಬೀಗ ಬೀಳತ್ತೆ. ಲಸಿಕೆ ಕೆಲಸ ಅಲ್ಲಿಗೇ ನಿಲ್ಲತ್ತೆ. ಲಸಿಕೆ ಹಾಕಿದ ಇಲಿಗಳು ಈಗ ತಾನೇ ಬದುಕ್ತಿದಾವೆ ಕಣೋ."

"ನೀನು?"

ನರ್ಸ್ ಹೆಸರು ಕೂಗಿದಳು. ಗಜಾಲಾ ಗೋಡೆ ಹಿಡಿದು ಎದ್ದಳು, ಅವನೂ ಎದ್ದ.

"ನೀನು ಬರ್ಬೇಡ. ಪಕ್ಕದಲ್ಲಿದ್ರೆ ಸುಳ್ಳು ಹೇಳೋಕಾಗಲ್ಲ ನಂಗೆ."

ಬಾಗಿಲು ಮುಚ್ಚಿಕೊಂಡಿತು. ಒಳಗಿನಿಂದ ಅವಳ ದನಿ ಕೇಳಿಸಿತು: "ಬರೀ ಜ್ವರ ಡಾಕ್ಟ್ರೇ. ಎಲ್ಲರಿಗೂ ಬರ್ತಿದ್ಯಲ್ಲ, ಅದೇ."

ಸುಬ್ರಮಣಿ ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ನಿಂತ. ಆಮೇಲೆ ಕೈ ತೆಗೆದು, ಬಂದು ಕೂತ.