ದೀಪ ಹಾಕಿದರೆ ತುಂಬುವ ಟ್ಯಾಂಕು

ಸಾಂತಾ ಆನಾ ಊರಿನ ವಿಮಾನ ಶೆಡ್ಡಿನಲ್ಲಿ ನಾನು ಕಾಯುತ್ತಿದ್ದೆ. ನಮ್ಮ ಮುದಿ ವಿಮಾನಕ್ಕೆ ದನದ ಮಾಂಸ ತುಂಬಿ ಆಗಿತ್ತು, ಬಿಸಿಲು ಏರುತ್ತಿತ್ತು. ಪೈಲಟ್ ಎಲ್ಮೆರ್ ಮತ್ತು ಮುದುಕ ಮೆಕ್ಯಾನಿಕ್ ಅಬ್ದೋನ್ ಪೈಲಟ್ ಸೀಟಿನ ಮುಂದಿನ ಮೀಟರುಗಳ ಹಲಗೆಯೊಳಗೆ ತಲೆ ತೂರಿಸಿದ್ದರು.

“ದೀಪ ಹಾಕಿದ್ರೆ ಪೆಟ್ರೋಲ್ ಮುಳ್ಳು ಮೇಲೇಳುತ್ತೆ, ದೋನ್ ಅಬ್ದೋನ್ ಅವರೇ.”

“ಹಾಗಾದ್ರೆ ದೀಪ ಆರಿಸ್ಬೇಡ. ಪೆಟ್ರೋಲ್ ಖರ್ಚು ಉಳೀತು.”

“ತಮಾಷೆ ಬೇಡಿ, ಮಾಂಸ ಕೆಡುತ್ತೆ. ಎಣ್ಣೆ ಮುಳ್ಳೂ ಜೊತೇಲೇ ಕುಣೀತಿದೆ.”

“ಎಲ್ಲಾ ಒಟ್ಟಿಗೆ ಕುಣಿದ್ರೆ ಮುಳ್ಳಿನ ತಪ್ಪಲ್ಲ, ಅರ್ತಿಂಗ್ ತಂತಿ ಸಡಿಲ ಆಗಿರ್ಬೇಕು. ಈ ಮಾತೆ ಮರಿಯಮ್ಮನ ಪಟ ಯಾವಾಗ ಬಂತು?”

“ಭಾನುವಾರ. ನಮ್ಮತ್ತೆ ಕೊಟ್ರು. ಅಲ್ಲೊಂದು ಸ್ಕ್ರೂ ಸುಮ್ನೆ ಇತ್ತು, ಅದಕ್ಕೇ ಬಿಗಿದೆ.”

“ಸುಮ್ನೆ ಇರ್ಲಿಲ್ಲ ಮಾರಾಯ, ತಂತಿ ಹಿಡ್ಕೊಂಡಿತ್ತು. ಈಗ ತಂತಿಗೂ ತಗಡಿಗೂ ನಡುವೆ ನಿಮ್ಮತ್ತೆಯ ಪ್ಲಾಸ್ಟಿಕ್ಕು.”

“ಪಟ ತೆಗೆದ್ರೆ ಅತ್ತೆ ಮನೆಗೇ ಸೇರಿಸಲ್ಲ.”

“ಮಾತೆಗೆ ಬೇರೆ ಸ್ಕ್ರೂ ಕೊಡೋಣ ಬಿಡು.”

ಅಬ್ದೋನ್ ತಿರುಪುಳಿ ಹಿಡಿದು ತಂತಿಯನ್ನು ಮತ್ತೆ ತಗಡಿಗೆ ಬಿಗಿದ, ಪಟವನ್ನು ಪಕ್ಕಕ್ಕೆ ಸರಿಸಿ ಬೇರೆ ಸ್ಕ್ರೂ ಹಾಕಿದ.

“ಈಗ ದೀಪ ಹಾಕಿ ನೋಡು.”

“ಅಲ್ಲಾಡ್ತಿಲ್ಲ. ಗಟ್ಟಿಯಾಗಿ ನಿಂತಿದೆ.”

“ಎಲ್ಲಿ?”

“ಸೊನ್ನೇಲಿ.”

“ಬೆಳಿಗ್ಗೆ ಪೆಟ್ರೋಲ್ ನೋಡ್ಲಿಲ್ವಾ?”

“ನೋಡ್ದೆ. ದೀಪ ಹಾಕ್ಕೊಂಡೇ ನೋಡ್ದೆ. ತುಂಬಿತ್ತು.”

ಇಬ್ಬರೂ ಪಟದ ಮುಂದೆ ಶಿಲುಬೆಯ ಗುರುತು ಹಾಕಿಕೊಂಡರು. ಆಮೇಲೆ ಒಂದೊಂದು ಡಬ್ಬ ಹಿಡಿದು ಪೆಟ್ರೋಲ್ ತರಲು ನಡೆದರು.